ನಾನು ಬರೆದ ಕಣ್ಣುಗಳು

ಅವರ ಒಂದೇ ಒಂದು ಫೋಟೋ ನನ್ನ ಹತ್ತಿರ ಇದೆ. ಲಕ್ಷ್ಮೇಶ್ವರದ ಬಜಾರದಲ್ಲಿ ಜೀವಮಾನವೆಲ್ಲ ಫೋಟೋ ಅಂಗಡಿ ನಡೆಸಿದವನು ನಾನು. ಅವರ ವಾಡೆಗೆ ಎಷ್ಟು ಸಲ ಹೋಗಿದ್ದೇನೋ ನೆನಪಿಲ್ಲ. ಆದರೂ ಒಂದೇ ಫೋಟೋ, ಅದೂ ಲಗ್ನದ್ದು. ಆಮೇಲೆ ತಮ್ಮ ಫೋಟೋಕ್ಕೆಂದು ಅವರು ನನ್ನ ಕ್ಯಾಮರಾದ ಮುಂದೆ ಕೂಡಲಿಲ್ಲ. "ಕ್ಯಾಮರಾ ಅಂಗಡ್ಯಾಗ ಇಟ್ಟು ಬರ್ರಿ ಕಾಕಾ, ಚಾ ಕುಡದು ಹೋಗೀರಂತ," ಎನ್ನುತ್ತಿದ್ದರು.

ಈ ಸಲ ಹೆಸರುಕಾಳು ಬಿತ್ತುವ ಹೊತ್ತಿಗೆ ಆ ವಾಡೆಯ ಸೊಸೆಯಾಗಿದ್ದ ಅವರು ತೀರಿಕೊಂಡರು. ಐವತ್ತು ಕೂಡ ಆಗಿರಲಿಲ್ಲ. ಅವರ ಹೆಸರನ್ನು ಬರೆಯುವುದಿಲ್ಲ, ಆ ಊರಿನದನ್ನೂ ಬರೆಯುವುದಿಲ್ಲ. ಲಕ್ಷ್ಮೇಶ್ವರದಿಂದ ಯಳವತ್ತಿ ಕಡೆ ಹೋಗುವ ದಾರಿಯಲ್ಲಿ, ಕರಿಮಣ್ಣಿನ ಹೊಲಗಳ ನಡುವೆ, ಬುರುಜು ಅರ್ಧ ಬಿದ್ದ ಒಂದು ವಾಡೆ ಎಂದರೆ ಸಾಕು. ಆ ಮನೆತನಕ್ಕೆ ದೇಸಗತಿ ಇತ್ತು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಿಗೆಲ್ಲ ಅವರೇ ರಾಜರು. ಕುದುರೆ ಹೋದವು, ಲಾಯ ಉಳಿಯಿತು. ಹೊಲವೂ ಬಹಳಷ್ಟು ಹೋಯಿತು. ಒಂದು ಪದ್ಧತಿ ಮಾತ್ರ ಹೋಗಲಿಲ್ಲ: ಆ ಮನೆಯ ಗಂಡಿಗೆ ಆ ಮನೆಯ ರಕ್ತದ ಹೆಣ್ಣೇ ಆಗಬೇಕು. ಅಕ್ಕನ ಮಗಳು, ಇಲ್ಲದಿದ್ದರೆ ಸೋದರತ್ತೆಯ ಮಗಳು. ಹೆಣ್ಣು ಕೂಸು ಹುಟ್ಟಿದರೆ ತೊಟ್ಟಿಲಲ್ಲೇ ಅದರ ಸೋದರಮಾವ ಹಣೆಗೆ ಕುಂಕುಮ ಹಚ್ಚುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು.

ನಾನು ಇದನ್ನು ಹೀಗಳೆಯುವವನಲ್ಲ. ನನ್ನ ಹೆಂಡತಿಯೂ ನನ್ನ ಸೋದರತ್ತೆಯ ಮಗಳೇ, ನಮ್ಮ ಮಕ್ಕಳು ಕಲ್ಲಿನಂತೆ ಗಟ್ಟಿಯಾಗಿದ್ದಾರೆ. ಒಮ್ಮೆ ಹತ್ತಿರದ ಹೆಣ್ಣು ತಂದು ಸುಖವಾಗಿರುವ ಮನೆಗಳು ನಮ್ಮ ಮುಸಲ್ಮಾನರಲ್ಲೂ ಅವರಲ್ಲೂ ಬೇಕಾದಷ್ಟಿವೆ. ಆ ವಾಡೆಯ ಸಂಗತಿ ಬೇರೆ. ಅಲ್ಲಿ ಅಜ್ಜ, ಮುತ್ತಜ್ಜ, ಅವರಜ್ಜ ಎಲ್ಲರೂ ಅದನ್ನೇ ಮಾಡಿದ್ದರು. ಹಳೆಯ ಫೋಟೋಗಳಲ್ಲಿ ಗಂಡ ಯಾರು ಹೆಂಡತಿಯ ಅಣ್ಣ ಯಾರು ಗೊತ್ತಾಗುತ್ತಿರಲಿಲ್ಲ. ಎಲ್ಲರಿಗೂ ಕೆಳದವಡೆ ಮುಂದೆ ಬಂದಿತ್ತು, ಕೆಳಗಿನ ಹಲ್ಲು ಮೇಲಿನ ಹಲ್ಲನ್ನು ದಾಟಿ ನಿಲ್ಲುತ್ತಿತ್ತು. ಅವರನ್ನು ಕೂಡಿಸುವಾಗ ಮುಖ ಸ್ವಲ್ಪ ಓರೆ ಮಾಡಿಸಿ, ಗದ್ದದ ಕೆಳಗೆ ನೆರಳು ಬೀಳುವಂತೆ ನೋಡಿಕೊಳ್ಳಬೇಕೆಂದು ನನ್ನ ತಂದೆ ನನಗೆ ಕಲಿಸಿದ್ದರು.

ತಂದೆ ಇನ್ನೊಂದು ಕೆಲಸವನ್ನೂ ಕಲಿಸಿದ್ದರು. ಸತ್ತವರ ಫೋಟೋಕ್ಕೆ ಕಣ್ಣು ಬರೆಯುವುದು.

ಆಗೆಲ್ಲ ಎಷ್ಟೋ ಮನೆಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸುತ್ತಿರಲಿಲ್ಲ. ಮಣ್ಣಿಗೆ ಒಯ್ಯುವ ಮೊದಲು ನಮ್ಮನ್ನು ಕರೆಯುತ್ತಿದ್ದರು. ಪ್ರಿಂಟ್ ಹಾಕಿದ ಮೇಲೆ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಗಟ್ಟಿ ನೀರಬಣ್ಣದಲ್ಲಿ ತೆರೆದ ಕಣ್ಣು ಬರೆಯುತ್ತಿದ್ದೆವು. ಬಿಳಿ, ಕರಿ, ಕೊನೆಗೆ ಗುಡ್ಡೆಯ ಮೇಲೆ ಒಂದು ಹೊಳಪಿನ ಚುಕ್ಕೆ. ಆ ಚುಕ್ಕೆ ಬಿದ್ದ ಕೂಡಲೆ ಸತ್ತವರು ನೋಡತೊಡಗುತ್ತಿದ್ದರು. ಆ ಕೆಲಸದಲ್ಲಿ ನನ್ನ ಕೈ ತಂದೆಯ ಕೈಗಿಂತ ಮಿಗಿಲು ಎಂದು ಜನ ಅನ್ನುತ್ತಿದ್ದರು. ನಾನು ನಂಬಿದ್ದೆ.

ವಾಡೆಯ ದೊಡ್ಡವ್ವಾರು, ಎಂದರೆ ನಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರ ತಾಯಿಯ ತಾಯಿ, ತಮ್ಮ ಸೋದರಮಾವನನ್ನೇ ಮದುವೆಯಾದವರು. ಅವರಿಗೆ ಬಹಳ ಮಕ್ಕಳು ಹುಟ್ಟಿದವು. ಉಳಿದವರು ಇಬ್ಬರೇ, ಹಿರಿಯ ಮಗಳು ಮತ್ತು ಒಬ್ಬ ಮಗ. ಮಿಕ್ಕ ಕೂಸುಗಳು ಹುಟ್ಟಿ ನಾಲ್ಕು ದಿನಕ್ಕೋ ವಾರಕ್ಕೋ ಹೋದವು. ಕೆಲವು ಹಾಲನ್ನೇ ಹಿಡಿಯಲಿಲ್ಲ. ಪ್ರತಿ ಸಲ ಚಕ್ಕಡಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿತ್ತು. ದೊಡ್ಡವ್ವಾರು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕಂಬಕ್ಕೆ ಒರಗಿ ಕೂತಿರುತ್ತಿದ್ದರು.

"ಏ ಫೋಟೋದಾವ, ಕಣ್ಣು ಛಲೋ ಬರಿ," ಎಂದಿದ್ದರು ಒಂದು ಸಲ. "ಮುಚ್ಚಿದ್ದ ನೋಡಿ ನೋಡಿ ಸಾಕಾಗೇತಿ. ಒಂದರೇ ನನ್ನ ಕಡೆ ನೋಡ್ಲಿ."

ಅದು ಮೋಸವಲ್ಲ, ತಾಯಿಯ ಸಂಕಟ ಎಂದು ನಾನು ಈಗಲೂ ಅನ್ನುತ್ತೇನೆ. ಕಣ್ಣು ಬರೆಯಲು ಎದುರಿಗೆ ಒಂದು ಮಾದರಿ ಬೇಕು. ನಾನು ನನ್ನ ಹಿರಿಯ ಮಗಳ ತೊಟ್ಟಿಲ ಫೋಟೋ ಇಟ್ಟುಕೊಂಡು ಬರೆಯುತ್ತಿದ್ದೆ. ಹೆಂಡತಿಗೆ ಗೊತ್ತಾದಾಗ ಅವಳು ಎರಡು ದಿನ ಮಾತು ಬಿಟ್ಟಳು. "ಜೀವಂತ ಹುಡುಗಿ ಕಣ್ಣು ತಗೊಂಡು ಹೋಗಿ ಹೆಣಕ್ಕ ಇಡ್ತೀ, ಅಲ್ಲಾಹ್‌ಗೆ ಏನಂತ ಜವಾಬ್ ಕೊಡ್ತೀ?" ಎಂದಳು. ಅದು ಕಸಬು, ಅದಕ್ಕೆ ಜವಾಬು ಏನು ಎಂದು ನಾನು ನಕ್ಕೆ.

ಹೀಗೆ ವಾಡೆಯ ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ಕೂಸುಗಳು ಕೂತವು. ಎಲ್ಲವೂ ಪಿಳಿಪಿಳಿ ನೋಡುತ್ತಿದ್ದವು.

ಇನ್ನು ಅವರ ಮಾತಿಗೆ ಬರುತ್ತೇನೆ. ಅವರು ಬೆಳೆದದ್ದು ಮುಂಡರಗಿಯಲ್ಲಿ. ತಂದೆ ಅಲ್ಲಿ ಹೈಸ್ಕೂಲ್ ಮಾಸ್ತರರು, ಬೇರೆ ಮನೆತನದವರು. ಅವರ ತಾಯಿಗೆ ಮದುವೆಯಾಗಲು ವಾಡೆಯಲ್ಲಿ ಒಬ್ಬ ಸೋದರಮಾವನೂ ಬದುಕಿ ಉಳಿದಿರಲಿಲ್ಲ. ಅದಕ್ಕೇ ಆ ಮನೆಯ ಹೆಣ್ಣು ಮೊದಲ ಸಲ ಹೊರಗೆ ಹೋಗಿತ್ತು. ಹೊರಗೆ ಹೋದ ಹೆಣ್ಣಿನ ಮಗಳು ಒಳಗೆ ಬರಬೇಕು ಎಂದು ದೊಡ್ಡವ್ವಾರು ಹಟ ಹಿಡಿದರು. ಮಗಳ ಮಗಳನ್ನು ಮಗನಿಗೆ ತಂದುಕೊಳ್ಳುವುದು ಎಂದು ನಿಂತರು.

ಅದು ಗದಗ ಹೊಸ ಜಿಲ್ಲೆಯಾದ ಕಾಲ. ಕಚೇರಿಗಳ ಬೋರ್ಡುಗಳ ಮೇಲೆ ಧಾರವಾಡ ಎಂಬುದನ್ನು ಅಳಿಸಿ ಗದಗ ಎಂದು ಬರೆಯುತ್ತಿದ್ದರು. ಹುಡುಗಿ ಆಗಷ್ಟೇ ಗದಗಿನಲ್ಲಿ ಪಿಯುಸಿ ಮುಗಿಸಿದ್ದಳು. ಆಗಿನ್ನೂ ಹುಡುಗಿ, ಅದಕ್ಕೇ ಏಕವಚನ. ನಿಶ್ಚಯದ ದಿನ ಫೋಟೋ ತೆಗೆಯಲು ನನ್ನನ್ನು ಕರೆದಿದ್ದರು. ಹಿರಿಯರು ಒಳಗೆ ಮಾತಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸುತ್ತಿದ್ದೆ. ಹುಡುಗಿ ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಸರಸರ ಬಂದು ಗೋಡೆಯ ಮುಂದೆ ನಿಂತಳು.

"ಕಾಕಾ, ನಮ್ಮ ಇತಿಹಾಸದ ಸರ್ ಒಂದು ಕತಿ ಹೇಳ್ತಿದ್ರು," ಎಂದಳು. "ಪರದೇಶದಾಗ ಒಂದು ದೊಡ್ಡ ರಾಜಮನೆತನ ಇತ್ತಂತ. ರಾಜ್ಯ ಹೊರಗಿನವರಿಗೆ ಹೋಗಬಾರದಂತ ಮನಿಯಾಗ ಲಗ್ನ ಮಾಡಿಕೊಂಡ್ರಂತ. ಮಾವ ಸೊಸಿ, ಮಾವ ಸೊಸಿ. ಕಡೀಕ ಹುಟ್ಟಿದ ರಾಜಾಗ ದವಡಿ ಕೂಡತಿರಲಿಲ್ಲಂತ, ಅನ್ನ ಅಗಿಯಾಕ ಬರತಿರಲಿಲ್ಲಂತ. ಮಕ್ಕಳೂ ಆಗಲಿಲ್ಲ. ಅಲ್ಲಿಗೆ ವಂಶಾನ ಮುಗೀತಂತ. ಖರೆ ಇರಬಹುದೇನ್ರಿ?"

"ಅವು ರಾಜರ ಮಾತು, ನಮಗ ಹೆಂಗ ಗೊತ್ತಾಗ್ತಾವವ್ವಾ?"

"ನಮ್ಮಪ್ಪ ಹೇಳ್ಯಾನ, ನೀ ಬ್ಯಾಡ ಅಂದ್ರ ಈಗ ಎದ್ದು ಹೋಗೂಣು ಅಂತ. ನಮ್ಮವ್ವ ಅಂತಾಳ, ಈ ಕೂಸೆಲ್ಲಾ ಗಟ್ಟಿಮುಟ್ಟಾಗೇ ಇದ್ವು, ಒಂದ ಬ್ಯಾಸಗ್ಯಾಗ ಸಿಡುಬಿನ ದೇವಿ ಬ್ಯಾನಿ ಬಂದು ಹೋದ್ವು ಅಂತ. ಅಕಿ ಅವ್ವನ ಮುಂದ ಅಕಿ ಬ್ಯಾರೆ ಹೇಳಂಗಿಲ್ಲ. ಫೋಟೋ ತಗದವ್ರು ನೀವು. ತಗದಾಗ ಇವು ಛಲೋ ಇದ್ವೇನ್ರಿ?"

ಒಳಬಾಗಿಲಲ್ಲಿ ದೊಡ್ಡವ್ವಾರು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅಂಜಿ ಸುಳ್ಳು ಹೇಳಿದೆ ಎಂದು ಬರೆದರೆ ನನಗೆ ಸುಲಭ. ಅಂಜಿಕೆಯೂ ಇತ್ತು. ಆದರೆ ಅದಕ್ಕಿಂತ ದೊಡ್ಡದು ಬೇರೆ ಇತ್ತು. ಓದಿದ ಹುಡುಗಿ, ಇಷ್ಟು ಹತ್ತಿರ ನಿಂತು ನೋಡುತ್ತಿದ್ದಾಳೆ, ಆದರೂ ನನ್ನ ಕುಂಚದ ಕೆಲಸ ಅವಳಿಗೆ ಕಂಡಿಲ್ಲ. ಒಳಗೊಳಗೇ ನನಗೆ ಹಿಗ್ಗಾಯಿತು.

"ಕಣ್ಣು ನೋಡವ್ವಾ," ಎಂದೆ. "ಹೆಂಗ ಜೀವ ತುಂಬಿ ನೋಡಾಕತ್ತಾವು."

ಅವಳು ಬಗ್ಗಿ ನೋಡಿದಳು. "ಎಲ್ಲಾರ ಕಣ್ಣೂ ಒಂದ ನಮೂನಿ ಅದಾವಲ್ರಿ?"

"ಒಂದ ರಕ್ತ ಅಲ್ಲೇನು, ಹಂಗ ಇರತಾವ."

ಹುಡುಗಿ ನಕ್ಕಳು. ಆ ನಗುವಿನಲ್ಲಿ ಒಂದು ಭಾರ ಇಳಿದದ್ದು ನನಗೆ ಕಂಡಿತು. ಒಳಗೆ ಹೋಗಿ ಹೂಂ ಎಂದಳು.

ಲಗ್ನದ ಫೋಟೋದಲ್ಲಿ ಅವರು ಕ್ಯಾಮರಾ ಕಡೆ ನೋಡಿಲ್ಲ. ಗೋಡೆಯ ಕಡೆ ನೋಡಿ ನಗುತ್ತಿದ್ದಾರೆ. ಇನ್ನೊಂದು ತೆಗೆಯುತ್ತೇನೆ ಎಂದದ್ದಕ್ಕೆ, "ಇರ್ಲಿ ಬಿಡ್ರಿ, ನಮ್ಮ ಕಾಕಾಗಳನ್ನ ಚಿಗವ್ವಗಳನ್ನ ನೋಡಾಕತ್ತಿದ್ದೆ," ಎಂದರು. ಆಮೇಲೆ ತಾವೇ ಬೆರಳು ಮಡಚಿ ಎಣಿಸಿದರು. "ಕಾಕಾ ಅಲ್ಲ, ಮಾವಂದಿರು. ಅಲ್ಲ, ಈಗ ಮೈದುನರು! ಅಯ್ಯ, ಈ ಮನ್ಯಾಗ ಯಾರಿಗೆ ಏನನ್ನಬೇಕು?"

ಅವರ ಹಾಸ್ಯವೆಲ್ಲ ಇಂಥದ್ದೇ. "ನಮ್ಮಜ್ಜಿ ನನಗ ಅತ್ತಿ, ನಮ್ಮವ್ವ ನನಗ ನಾದಿನಿ," ಎನ್ನುತ್ತಿದ್ದರು. "ಅವ್ವನ ಜೋಡಿ ಜಗಳ ಬಂದ್ರ ಮಗಳಾಗಿ ಆಡ್ಲೋ, ನಾದಿನಿ ಅಂತ ಆಡ್ಲೋ, ತಿಳಿಯಂಗಿಲ್ಲ." ಗಂಡನನ್ನು ಕೊನೆಯವರೆಗೂ ಮಾಮಾ ಎಂದೇ ಕರೆದರು. ಆ ಧಣಿ ಬಹಳ ಸಾತ್ವಿಕರು. ಒಂದು ಕಾಲು ಎಳೆದು ನಡೆಯುತ್ತಿದ್ದರು, ಬಿಸಿಲಿಗೆ ಹೋದರೆ ಬವಳಿ ಬಂದು ಬೀಳುತ್ತಿದ್ದರು. ಅದಕ್ಕೆ ಹೊಲದ ಉಸಾಬರಿಯೆಲ್ಲ ಇವರೇ ಹೊತ್ತರು. ಮೊಪೆಡ್ ಕಲಿತು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಶಿಗ್ಲಿಗೂ ಲಕ್ಷ್ಮೇಶ್ವರಕ್ಕೂ ಓಡಾಡಿದರು. ವಾಡೆಯ ಸೊಸೆ ಗಾಡಿ ಹೊಡೆಯುವುದನ್ನು ನೋಡಲು ಮೊದಮೊದಲು ಜನ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. "ಕುದ್ರಿ ಸತ್ತಾವು, ಅದಕ್ಕ ಇದನ್ನ ಹತ್ತೇನಿ," ಎಂದು ಅವರಿಗೆಲ್ಲ ಕೇಳುವಂತೆ ಹೇಳಿ ಹೋಗುತ್ತಿದ್ದರು.

ಮೊದಲ ಕೂಸು ಹುಟ್ಟಿ ವಾರದೊಳಗೆ ಹೋಯಿತು. ನನ್ನನ್ನು ಕರೆಯಲು ಈ ಸಲ ಚಕ್ಕಡಿಯ ಬದಲು ಜೀಪು ಬಂತು.

ಅದೇ ಕಂಬ. ಅದೇ ಜಾಗದಲ್ಲಿ ಅವರು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ದೊಡ್ಡವ್ವಾರು ಪಕ್ಕದಲ್ಲಿ ನಿಂತು ಕೂಸಿನ ತಲೆಯ ಕುಂಚಿಗೆ ಸರಿ ಮಾಡುತ್ತಿದ್ದರು. ನಾನು ರೂಢಿಯಂತೆ ಮಂಡಿಯೂರಿ, "ಮಾರಿ ಸ್ವಲ್ಪ ಬೆಳಕಿಗೆ ಹಿಡೀರಿ," ಎಂದೆ. ಎಷ್ಟೋ ಸಲ ಹೇಳಿದ್ದ ಮಾತು, ಸಲೀಸಾಗಿ ಬಂತು.

ಅವರು ಕೂಸಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಕಂಬವನ್ನು ನೋಡಿದರು. ಆಮೇಲೆ ಗೋಡೆಯ ಮೇಲಿನ ಫೋಟೋಗಳನ್ನು, ಒಂದೊಂದನ್ನೇ ನೋಡುತ್ತ ಹೋದರು. ಎಲ್ಲ ಫೋಟೋಗಳಲ್ಲೂ ಅದೇ ಕಂಬವಿತ್ತು.

"ಎಲ್ಲಾನೂ ಹಿಂಗ ತಗದೀರೇನ್ರಿ ಕಾಕಾ?"

ನಾನು ಕ್ಯಾಮರಾದ ಹಿಂದೆ ಮುಖ ಇಟ್ಟುಕೊಂಡೆ.

"ಇದಕ್ಕ ಕಣ್ಣು ಬರೀಬ್ಯಾಡ್ರಿ," ಎಂದರು. ಧ್ವನಿ ಎತ್ತರಿಸಲಿಲ್ಲ. "ಮುಚ್ಚಿದ್ದು ಮುಚ್ಚಿದಂಗ ಇರಲಿ."

ದೊಡ್ಡವ್ವಾರು ಏನೋ ಹೇಳಲು ಬಂದರು. ಅವರು ಅಜ್ಜಿಯ ಕೈ ಹಿಡಿದು ಪಕ್ಕದಲ್ಲೇ ಕೂಡಿಸಿಕೊಂಡರು. ಇಬ್ಬರೂ ಆಮೇಲೆ ಅತ್ತರು. ನಾನು ಮೆಟ್ಟಿಲು ಇಳಿಯುವಾಗ ಅಳುವ ಸದ್ದು ಕೇಳುತ್ತಿತ್ತು.

ಆ ಫೋಟೋ ಕಣ್ಣು ಮುಚ್ಚಿಕೊಂಡೇ ಸಾಲಿನ ಕೊನೆಗೆ ತೂಗಿತು. ಗೋಡೆಯ ತುಂಬ ನೋಡುವ ಕೂಸುಗಳು, ಅವುಗಳ ಪಕ್ಕ ಇದೊಂದೇ ಮಲಗಿದ ಕೂಸು. ಗೊತ್ತಿಲ್ಲದವರು ಅದೊಂದೇ ಸತ್ತದ್ದು ಎಂದುಕೊಳ್ಳಬೇಕು, ಹಾಗಿತ್ತು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಅಂಗಡಿಗೆ ಬರುತ್ತಿದ್ದರು, ನನ್ನ ಹೆಂಡತಿಯ ಕೈಯಿಂದ ನೀರು ಕೇಳಿ ಕುಡಿಯುತ್ತಿದ್ದರು. ಆದರೆ ಒಂದು ಮಾತು ಅವರ ಬಾಯಲ್ಲಿ ರೂಢಿಯಾಯಿತು. ವ್ಯಾಪಾರಿ ಹಳೆಯ ಕಡಲೆಯನ್ನು ಹೊಸದು ಎಂದು ತೋರಿಸಿದರೆ, "ಇದಕ್ಕೂ ಯಾರೋ ಕಣ್ಣು ಬರದಾರ ನೋಡ್ರಿ," ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅದು ಎಲ್ಲಿಂದ ಬಂದ ಮಾತು ಎಂದು ಇಡೀ ಬಜಾರದಲ್ಲಿ ನನಗೊಬ್ಬನಿಗೇ ಗೊತ್ತು.

ಎರಡನೆಯದು ಗಂಡು, ಉಳಿಯಿತು. ಆದರೆ ಕುತ್ತಿಗೆ ನಿಲ್ಲಲು ಬಹಳ ತಡವಾಯಿತು, ಮಾತು ಬರಲೇ ಇಲ್ಲ. ದವಡೆ ಎಷ್ಟು ಮುಂದಿತ್ತೆಂದರೆ ಬಾಯಿ ಕೂಡುತ್ತಿರಲಿಲ್ಲ. ಗದಗಿನ ಡಾಕ್ಟರರು, "ನೀವು ಗಂಡ ಹೆಂಡತಿ ಸಂಬಂಧಿಕರೇನು?" ಎಂದು ಕೇಳಿದರಂತೆ. "ಯಾವ ಕಡಿಂದ ಹೇಳ್ಲಿ ಡಾಕ್ಟರ? ಎಣಿಸಾಕ ನಿಮ್ಮ ಕೈ ಬೆರಳೂ ಕೊಡಬೇಕಾಗ್ತೈತಿ," ಎಂದು ಇವರು ಅಂದರಂತೆ. ಅದನ್ನು ನನಗೆ ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ತಲಿಮಾರು ತಲಿಮಾರು ಒಂದ ನೀರು ತಿರುಗಿ ತಿರುಗಿ ಬಂದ್ರ ಹಿಂಗ ಆಗ್ತೈತಿ ಅಂದ್ರು ಕಾಕಾ. ಎಲ್ಲಾರಿಗೂ ಆಗಂಗಿಲ್ಲ, ನಮಗಾತು," ಎಂದರು.

ಮಗನನ್ನು ಅವರು ರಾಜಾ ಎಂದು ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಎಲ್ಲ ತಾಯಂದಿರೂ ಹಾಗೆ ಕರೆಯುತ್ತಾರೆ. ನನಗೆ ಮಾತ್ರ ಕೇಳಿದಾಗಲೆಲ್ಲ ಅವರ ಇತಿಹಾಸದ ಸರ್ ಹೇಳಿದ ಆ ಕಡೆಯ ರಾಜನ ನೆನಪು ಬರುತ್ತಿತ್ತು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಬೆರಳಲ್ಲಿ ಹಿಸುಕಿ, ತುತ್ತು ತುತ್ತಾಗಿ ನಾಲಿಗೆಯ ಹಿಂದೆ ಇಡುತ್ತಿದ್ದರು. ಒಂದು ಊಟಕ್ಕೆ ಮುಂಜಾನೆಯೆಲ್ಲ ಹಿಡಿಯುತ್ತಿತ್ತು. ಹಾಗೆ ತಿನಿಸಿ ತಿನಿಸಿ ಅವರ ಬಲಗೈಯ ಬೆರಳುಗಳು ಸದಾ ಬಿಳುಚಿಕೊಂಡಿರುತ್ತಿದ್ದವು. ಮಾತಾಡುವಾಗ ಬರೀ ಗಾಳಿಯಲ್ಲೂ ಹೆಬ್ಬೆರಳು ತೋರುಬೆರಳು ಕೂಡಿಸಿ ಹಿಸುಕುವ ಅಭ್ಯಾಸ ಬಿದ್ದಿತ್ತು. ಹುಡುಗ ಹೋದ ಮೇಲೂ ಆ ಬೆರಳು ನಿಲ್ಲಲಿಲ್ಲ.

ಹುಡುಗ ಹೋದದ್ದು ಅವನ ಹನ್ನೆರಡನೆಯ ವಯಸ್ಸಿಗೆ. ದೊಡ್ಡವ್ವಾರು ಅದಕ್ಕೂ ಮೊದಲೇ ತೀರಿದ್ದರು. ಮಗ ಹೋದ ಎರಡು ವರ್ಷಕ್ಕೆ ಧಣಿಯೂ ಹೋದರು. ದೇಸಗತಿಯ ಆ ಮನೆತನ ಅಲ್ಲಿಗೆ ನಿಂತಿತು. ವಾಡೆಯಲ್ಲಿ ಅವರೊಬ್ಬರು, ಮತ್ತು ಆ ಗೋಡೆ.

ಆಮೇಲೆ ಅವರು ಒಂದು ಕೆಲಸ ಹಿಡಿದರು. ಕಳ್ಳುಬಳ್ಳಿಯ ನೆಂಟರಲ್ಲಿ ಎಲ್ಲಾದರೂ ಮತ್ತೆ ಮಾವ ಸೊಸೆಯ ಲಗ್ನದ ಮಾತು ಎದ್ದರೆ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ವಾಡೆಗೆ ಕರೆಸಿ, ಗೋಡೆಯ ಮುಂದೆ ನಿಲ್ಲಿಸಿ, "ಇವೆಲ್ಲಾ ಸತ್ತ ಕೂಸು, ನೋಡ್ರಿ," ಎನ್ನುತ್ತಿದ್ದರು. ಬಂದವರು ನೋಡುತ್ತಿದ್ದರು. ಕೂಸುಗಳು ದುಂಡು ಕಣ್ಣು ಬಿಟ್ಟು ಅವರನ್ನೇ ನೋಡುತ್ತಿದ್ದವು. ಹೊರಗೆ ಬಂದು, "ಪಾಪ, ಮಗ ಹೋದ ಮ್ಯಾಲೆ ತಲಿ ನೆಟ್ಟಗಿಲ್ಲ," ಎನ್ನುತ್ತಿದ್ದರು. ಇಷ್ಟು ವರ್ಷದ ಮೇಲೂ ನನ್ನ ಕಣ್ಣುಗಳು ಸುಳ್ಳು ಸಾಕ್ಷಿ ಹೇಳುತ್ತಲೇ ಇದ್ದವು.

ಹೋದ ವರ್ಷ ಅವರು ನನ್ನ ಮನೆಗೆ ಬಂದರು. ಬಹಳ ಇಳಿದಿದ್ದರು. ಶಿಗ್ಲಿಯಲ್ಲಿರುವ ದೂರದ ದಾಯಾದಿಯೊಬ್ಬನಿಗೆ ಅವನ ಅಕ್ಕನ ಮಗಳನ್ನೇ ತರುವ ಮಾತು ನಡೆದಿದೆ ಎಂದರು. ವಾಡೆ ಮುಂದೆ ಅವನಿಗೇ ಹೋಗುವುದಿತ್ತು.

"ಹುಡುಗಿ ನನ್ನಂಗ ಕೇಳ್ತಾಳ ಕಾಕಾ. ಕೇಳೂ ಹುಡುಗಿಗೆ ಖರೆ ಹೇಳೂ ಒಬ್ಬರು ಬೇಕು."

"ನೀವು ಹೇಳೀರಲ್ರೀ ಅವ್ವಾರ."

"ನಾ ಹೇಳಿದ್ರ ಹುಚ್ಚಿ. ನೀರು ಹಚ್ಚಿದ್ರ ಬಣ್ಣ ಹೋಗ್ತೈತಿ ಅಂತ ನನಗ ಗೊತ್ತೈತಿ. ನಾ ಒರಿಸಿದ್ರ, ಹುಚ್ಚಿ ಒರಿಸಿ ಹಾಳು ಮಾಡಿದ್ಲು ಅಂತಾರ. ಬರದ ಕೈ ನಿಮ್ಮದು. ನೀವ ಬಂದು ಒರಸ್ರಿ."

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ನಾನು ಮೊಣಕಾಲು ನೋವು ಎಂದೆ. ಮೊಮ್ಮಗಳ ನಿಕಾಹ್ ಮುಗಿಯಲಿ ಎಂದೆ. ಬಿಸಿಲು ಇಳಿಯಲಿ ಎಂದೆ. ಮೂರು ಸಲ ಹೇಳಿ ಕಳಿಸಿದರು. ಜನರ ಎದುರಿಗೆ, ನಾನು ಒಬ್ಬ ಹುಡುಗಿಗೆ ಸುಳ್ಳು ಹೇಳಿ ಈ ಮನೆಗೆ ತಂದೆ ಎಂದು ಹೇಳುವುದು ನನ್ನಿಂದಾಗಲಿಲ್ಲ. ನಾಲ್ಕನೆಯ ಸಲ ಬಂದದ್ದು ಅವರು ತೀರಿದ ಖಬರು.

ಅವರ ದಿನಕರ್ಮದ ಊಟಕ್ಕೆ ಹೋದೆ. ಪಡಸಾಲೆಯಲ್ಲಿ ಕಳ್ಳುಬಳ್ಳಿಯವರೆಲ್ಲ ಕೂತಿದ್ದರು. ಶಿಗ್ಲಿಯ ದಾಯಾದಿಗೆ ತರಬೇಕೆಂದಿದ್ದ ಹುಡುಗಿ ಗೋಡೆಯ ಹತ್ತಿರ ನಿಂತಿದ್ದಳು. ಅವಳ ತಾಯಿ ಹಿಂದಿನಿಂದ, "ನೋಡ, ಎಷ್ಟ ಚಂದ ಅದಾವು ಕೂಸು. ಸುಳ್ಳ ಸುಳ್ಳ ಅಂಜಸ್ತಿದ್ಲು ಚಿಗವ್ವ," ಎಂದಳು.

ನಾನು ಒಂದು ವಾಟಿ ನೀರು ಕೇಳಿದೆ, ಸ್ವಲ್ಪ ಹತ್ತಿ ಕೇಳಿದೆ. ಕುಡಿಯಲು ಎಂದುಕೊಂಡು ಯಾರೋ ತಂಬಿಗೆಯನ್ನೇ ತಂದುಕೊಟ್ಟರು. ಮೊದಲ ಫೋಟೋ ಇಳಿಸಿ, ಹಿಂದಿನ ಮೊಳೆ ಕಿತ್ತು, ಗಾಜು ತೆಗೆದೆ.

"ಏ ಸಾಬ್ರ, ಏನ ಮಾಡಾಕತ್ತೀರಿ? ಕೈ ತಗೀರಿ!" ಎಂದು ದಾಯಾದಿ ಎದ್ದು ಬಂದ.

"ನನ್ನ ಕೆಲಸ ನಾ ತಗೊಂಡು ಹೋಗಾಕತ್ತೇನಿ ತಮ್ಮಾ," ಎಂದೆ.

ಒದ್ದೆ ಹತ್ತಿ ಎರಡು ಸಲ ತಿರುಗಿಸಿದೆ. ಮೊದಲು ಹೊಳಪಿನ ಚುಕ್ಕೆ ಹೋಯಿತು. ಆಮೇಲೆ ಕರಿ, ಆಮೇಲೆ ಬಿಳಿ. ಕೆಳಗಿನಿಂದ ಮುಚ್ಚಿದ ರೆಪ್ಪೆ ಮೇಲೆ ಬಂತು, ಅದರ ಸಣ್ಣ ಕೂದಲ ಸಮೇತ. ಪಡಸಾಲೆಯಲ್ಲಿ ಕೂತವರು ಎದ್ದು ಹತ್ತಿರ ಬಂದರು. ದಾಯಾದಿಯೂ ಅಲ್ಲೇ ನಿಂತ.

"ಅಜ್ಜಾ, ಇದು ಮಲಗೇತೇನ್ರಿ?" ಎಂದಳು ಹುಡುಗಿ.

"ಇಲ್ಲವ್ವಾ, ಸತ್ತೈತಿ. ನಾ ಬಂದಾಗನ ಸತ್ತಿತ್ತು. ಎಲ್ಲಾನೂ. ನಿಮ್ಮ ಚಿಗವ್ವಾರು ಇದ ಜಾಗಾದಾಗ ನಿಂತು ನನ್ನ ಕೇಳಿದ್ರು. ನಾ ಸುಳ್ಳು ಹೇಳಿದೆ."

ಒಂದೊಂದಾಗಿ ಎಲ್ಲವನ್ನೂ ಇಳಿಸಿ, ಕಣ್ಣು ಒರೆಸಿ, ಮತ್ತೆ ತೂಗು ಹಾಕಿದೆ. ಹುಡುಗಿ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತಳು, ಏಳಲಿಲ್ಲ. ಅವಳ ತಾಯಿ ಒಮ್ಮೆ ಕರೆದಳು, ಆಮೇಲೆ ಕರೆಯಲಿಲ್ಲ. ಆ ಸಂಬಂಧ ಮುರಿಯಿತು ಎಂದು ಬಜಾರದಲ್ಲಿ ಕೇಳಿದೆ. ಅದು ನನ್ನಿಂದ ಆಯಿತೆಂದು ಹೇಳಿಕೊಳ್ಳಲು ನನಗೆ ಮುಖವಿಲ್ಲ. ನಿಜವನ್ನು ಇಷ್ಟು ವರ್ಷ ಹೇಳುತ್ತ ಬಂದವರು ಮಣ್ಣಲ್ಲಿದ್ದಾರೆ. ನಾನು ಬರೀ ತಡವಾಗಿ ಹೋದವನು.

ಕೊನೆಯ ಫೋಟೋಕ್ಕೆ ಕೈ ಹಚ್ಚುವ ಕೆಲಸವಿರಲಿಲ್ಲ. ಅದು ಅವರ ಕೂಸಿನದು. ಇಷ್ಟು ವರ್ಷ ಆ ಗೋಡೆಯ ಮೇಲೆ ಅದೊಂದೇ ಕಣ್ಣು ಮುಚ್ಚಿಕೊಂಡಿತ್ತು. ಅದರ ಗಾಜಿನ ಧೂಳು ಒರೆಸಿ, ಉಳಿದವುಗಳ ಸಾಲಿಗೆ ತೂಗು ಹಾಕಿ ಇಳಿದು ಬಂದೆ.